ಬಾರ್ಬರೋಸಾ ಕಡಲ್ಗಳ್ಳನಾ ಇಲ್ಲಾ ಅಡ್ಮಿರಲ್ಲಾ? ಓದಿಕೊಂಡೋರು ಸ್ವಲ್ಪ ಬಿಡಿಸಿ ಹೇಳಿ

ತುಂಗಾತೀರ:

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ನಾನೂ ನಮ್ಮನೆಯವ್ರೂ ಇಸ್ತಾಂಬುಲ್‌ಗೆ ಹೋಗಿದ್ವಿ. ಬೆಶಿಕ್ತಾಶ್ ಅನ್ನೋ ಕಡೆ ಫೆರ್ರಿ ಇಳಿದು ನಾಲ್ಕು ಹೆಜ್ಜೆ ನಡೆದ್ರೆ ಒಂದು ದೊಡ್ಡ ಪ್ರತಿಮೆ, ಪಕ್ಕದಲ್ಲೇ ಗುಮ್ಮಟ ಇರೋ ಚಿಕ್ಕ ಗೋರಿ, ಅಲ್ಲೇ ಹತ್ರ ನೌಕಾ ಮ್ಯೂಸಿಯಂ. ಗೋರಿ ಬಾರ್ಬರೋಸಾ ಹೈರುದ್ದೀನ್ ಪಾಶಾಂದು ಅಂದ್ರು. ನಮ್ ಗೈಡ್ ಹುಡುಗ ಆ ಮನುಷ್ಯನ ಬಗ್ಗೆ ಮಾತಾಡೋವಾಗ ಎದೆ ಉಬ್ಬಿಸಿ ಮಾತಾಡ್ದ, ನಮ್ಮ ಕಡೆ ಸಂಗೊಳ್ಳಿ ರಾಯಣ್ಣನ ಬಗ್ಗೆ ಹೇಳ್ತೀವಲ್ಲ ಆ ಥರ.

ವಾಪಸ್ ಬಂದು ಆಫೀಸಲ್ಲಿ (ನಾನಿರೋದು ಇಟಲಿಯಲ್ಲಿ) ಫೋಟೋ ತೋರಿಸಿದ್ರೆ ಜೊತೆಗೆ ಕೆಲಸ ಮಾಡೋ ಒಬ್ಬಾಕೆ, ದಕ್ಷಿಣದ ಕಲಾಬ್ರಿಯಾ ಕಡೆಯವಳು, ಮುಖ ಸಣ್ಣ ಮಾಡ್ಕೊಂಡ್ಳು. ನಮ್ಮೂರ ಕಡೆ ಕಡಲ ದಂಡೆ ಉದ್ದಕ್ಕೂ ಕಲ್ಲಿನ ಕಾವಲು ಗೋಪುರ ಇದಾವೆ, ಅವೆಲ್ಲ ಇವನಂಥೋರಿಗೆ ಹೆದರಿ ಕಟ್ಟಿದ್ದು, ನಮ್ಮಜ್ಜಿ ಈಗ್ಲೂ ಬೆಚ್ಚಿಬಿದ್ರೆ 'ಅಮ್ಮಾ ತುರ್ಕರು ಬಂದ್ರು' ಅಂತಾರೆ ಅಂದ್ಳು. ನಂಗೆ ಏನ್ ಹೇಳ್ಬೇಕೋ ತಿಳೀಲಿಲ್ಲ.

ಒಬ್ಬನೇ ಮನುಷ್ಯ ಅಲ್ಲಿ ವೀರ, ಇಲ್ಲಿ ರಾಕ್ಷಸ. ಹುಟ್ಟಿದ್ದು ಕುಂಬಾರಿಕೆ ಮಾಡೋ ಮನೇಲಿ ಅಂತ ಓದಿದೆ, ಸತ್ತಿದ್ದು ಇಡೀ ಆಟೊಮನ್ ನೌಕಾಪಡೆಯ ಮುಖ್ಯಸ್ಥನಾಗಿ, ಮಧ್ಯದಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಡಗು ಲೂಟಿ. ಕಡಲ್ಗಳ್ಳನ ಕೈಗೆ ಒಬ್ಬ ಸುಲ್ತಾನ ತನ್ನ ಪೂರ್ತಿ ನೌಕಾಪಡೆ ಕೊಡೋದು ಅಂದ್ರೆ ಹೇಗೆ ಸಾಧ್ಯ ಆಯ್ತು, ಅದೇ ನಂಗೆ ಅರ್ಥ ಆಗದೇ ಇರೋದು. ತಿಳಿದೋರು ನಿಧಾನಕ್ಕೆ ಬರೀರಿ, ಉದ್ದ ಆದ್ರೂ ಪರವಾಗಿಲ್ಲ.

ಹಳೇಹಡಗು:

ತುಂಗಾತೀರ ಅವ್ರೇ, ಉದ್ದ ಆದ್ರೂ ಪರವಾಗಿಲ್ಲ ಅಂದಿದೀರಲ್ಲ, ಹಾಗಾದ್ರೆ ಮೊದಲಿಂದ ಶುರು ಮಾಡ್ತೀನಿ, ಈ ಮನುಷ್ಯನ ಬಗ್ಗೆ ವರ್ಷಗಳಿಂದ ಓದ್ತಾ ಇದೀನಿ.

ಅವನ ನಿಜವಾದ ಹೆಸರು ಖಿಜ್ರ್. ಊರು ಲೆಸ್ಬೋಸ್ ದ್ವೀಪ, ಈಗ ಗ್ರೀಸ್‌ನಲ್ಲಿದೆ, ಆಟೊಮನ್ನರು 1462ರಲ್ಲಿ ಗೆದ್ದುಕೊಂಡಿದ್ದು. ಅಪ್ಪ ಯಾಕೂಬ್ ಆ ದಂಡಿನ ಜೊತೆ ಬಂದ ಸಿಪಾಹಿ (ನಮ್ಮ 'ಸಿಪಾಯಿ'ನೂ ಇದೇ ಪದ), ಅಲ್ಲೇ ಉಂಬಳಿ ಸಿಕ್ತು, ನೆಲೆನಿಂತ. ಅಮ್ಮ ಕತೆರಿನಾ, ಗ್ರೀಕ್ ಪಾದ್ರಿಯೊಬ್ಬನ ವಿಧವೆ. ಗಂಡುಮಕ್ಕಳು ನಾಲ್ಕು ಜನ, ಇಸಾಕ್, ಒರೂಚ್, ಖಿಜ್ರ್, ಇಲಿಯಾಸ್. ಅಪ್ಪ ಮಡಕೆ ಮಾಡಿ ಮಾರ್ತಿದ್ದ, ಆ ಸರಕು ಸಾಗಿಸೋಕೆ ಒಂದು ದೋಣಿ. ಹುಡುಗ್ರು ಕಡಲಿಗಿಳಿದಿದ್ದು ಮಡಕೆ ಸಾಗಿಸೋಕೆ, ಲೂಟಿಗಲ್ಲ.

ಬದುಕು ತಿರುಗಿದ್ದು ಒಂದು ಸಾವಿಂದ. ಒರೂಚ್ ಮತ್ತೆ ಇಲಿಯಾಸ್ ವ್ಯಾಪಾರ ಮುಗಿಸಿ ಬರ್ತಿರೋವಾಗ ರೋಡ್ಸ್ ದ್ವೀಪದ ಸೇಂಟ್ ಜಾನ್ ನೈಟ್‌ಗಳು ಅಡ್ಡಹಾಕಿದ್ರು. ಇಲಿಯಾಸ್ ಅಲ್ಲೇ ಸತ್ತ, ಒರೂಚ್ ಸೆರೆಸಿಕ್ಕ. ವರ್ಷಗಟ್ಟಲೆ ಸೆರೆ, ಹುಟ್ಟು ಹಾಕೋ ಗುಲಾಮಗಿರಿ, ಆಮೇಲೆ ಹೇಗೋ ಬಿಡುಗಡೆ. ಇಲ್ಲೊಂದು ವಿಷ್ಯ ಗಮನಿಸಿ, ಆ ನೈಟ್‌ಗಳು ಶಿಲುಬೆ ಹಾಕ್ಕೊಂಡ ಸನ್ಯಾಸಿ ಯೋಧರು, ಆದ್ರೆ ಕಡಲ ಮೇಲೆ ಅವ್ರು ಮಾಡ್ತಿದ್ದದ್ದೂ ಹಡಗು ಹಿಡಿಯೋದು, ಜನರನ್ನ ಹಿಡಿಯೋದು, ಮಾರೋದು.

ಆಮೇಲೆ ಅಣ್ಣತಮ್ಮಂದಿರಿಗೆ ರಾಜಕುಮಾರ ಕೊರ್ಕುತ್‌ನ ಆಸರೆ ಸಿಕ್ತು, ಹಡಗು ಕೊಡಿಸ್ದ. ಆದ್ರೆ 1512ರಲ್ಲಿ ಅವನ ತಮ್ಮ ಸೆಲೀಮ್ ಪಟ್ಟಕ್ಕೆ ಬಂದ, ಮುಂದಿನ ವರ್ಷ ಕೊರ್ಕುತ್‌ನ ಕೊಲ್ಲಿಸ್ದ. ಕೊರ್ಕುತ್‌ನ ಕಡೆಯೋರಿಗೆ ಆಟೊಮನ್ ನೀರು ಕ್ಷೇಮ ಅಲ್ಲ, ಇವ್ರ ನೆಲೆ ಪಶ್ಚಿಮದಲ್ಲೇ ಗಟ್ಟಿಯಾಯ್ತು, ಜೆರ್ಬಾ ದ್ವೀಪ, ಟ್ಯುನಿಸ್ ಕಡೆ. ಟ್ಯುನಿಸ್‌ನ ಸುಲ್ತಾನನ ಜೊತೆ ಒಪ್ಪಂದ ಏನಂದ್ರೆ ನನ್ನ ಬಂದರು ಬಳಸ್ಕೊ, ಲೂಟಿಯಲ್ಲಿ ಒಂದು ಪಾಲು ನಂಗೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಕಡಲ್ಗಳ್ಳ ಅಂದ್ರೆ ಯಾರ ಮಾತೂ ಕೇಳದೋನು, ಸಿಕ್ಕಿದ್ದೆಲ್ಲ ದೋಚೋನು. ಇವ್ರು ಹಾಗಲ್ಲ. ಒಬ್ಬ ದೊರೆಯ ಒಪ್ಪಿಗೆ ಇರ್ಬೇಕು, ಶತ್ರು ಹಡಗಿಗೆ ಮಾತ್ರ ಕೈಹಾಕ್ಬೇಕು, ಪಾಲು ಕೊಡ್ಬೇಕು. ಯುರೋಪಿನೋರು ಇಂಥೋರಿಗೆ ಕೊರ್ಸೇರ್ ಅಂತಿದ್ರು, ಎರಡೂ ಕಡೆ ಇದ್ರು.

ಇನ್ನೊಂದು ಕೆಲಸಾನೂ ಮಾಡಿದ್ರು, ಗೈಡ್ ಹುಡುಗನ ಎದೆ ಉಬ್ಬಿದ್ದು ಬಹುಶಃ ಅದಕ್ಕೇ. 1492ರಲ್ಲಿ ಗ್ರಾನಡಾ ಬಿತ್ತು, ಸ್ಪೇನ್‌ನಲ್ಲಿ ಉಳಿದ ಮುಸ್ಲಿಮರಿಗೆ ಮತ ಬದಲಿಸು ಇಲ್ಲ ದೇಶ ಬಿಡು ಅನ್ನೋ ಗತಿ ಬಂತು. ಈ ಅಣ್ಣತಮ್ಮಂದಿರು ರಾತ್ರಿ ಹೊತ್ತು ಸ್ಪೇನ್ ದಂಡೆಗೆ ಹಡಗು ತಂದು ಅವ್ರನ್ನ ಆಫ್ರಿಕಾಗೆ ದಾಟಿಸ್ತಿದ್ರು. ಒರೂಚ್‌ಗೆ ಆ ಜನ 'ಬಾಬಾ ಒರೂಚ್' ಅಂದ್ರು, ಅದೇ ಇಟಾಲಿಯನ್ ಬಾಯಲ್ಲಿ 'ಬಾರ್ಬರೋಸಾ' ಅಂದ್ರೆ ಕೆಂಪು ಗಡ್ಡ ಆಯ್ತು ಅಂತ ಒಂದು ಮಾತಿದೆ, ಗಡ್ಡ ನಿಜಕ್ಕೂ ಕೆಂಪಿತ್ತು ಅಂತ ಇನ್ನೊಂದು ಮಾತು. ಏನೇ ಆಗ್ಲಿ ಆ ಹೆಸರು ಮೊದಲು ಅಣ್ಣಂದು, ತಮ್ಮಂದಲ್ಲ.

ಒರೂಚ್ ಬೂಜಿ ಕೋಟೆ ಮುತ್ತಿಗೇಲಿ ಒಂದು ತೋಳು ಕಳ್ಕೊಂಡ, ಬೆಳ್ಳಿ ತೋಳು ಹಾಕಿಸ್ಕೊಂಡ. 1516ರಲ್ಲಿ ಅಲ್ಜೀರ್ಸ್ ಜನ ಸ್ಪೇನ್‌ನಿಂದ ನಮ್ಮನ್ನ ಕಾಪಾಡಿ ಅಂತ ಕರೆದ್ರು, ಹೋದ, ಕರೆದ ಊರಿನ ದೊರೆಯನ್ನೇ ಕೊಂದು ತಾನೇ ದೊರೆಯಾದ. ಇದನ್ನ ಮುಚ್ಚಿಟ್ಟು ಕಥೆ ಹೇಳೋದು ಸರಿಯಲ್ಲ. 1518ರಲ್ಲಿ ತ್ಲೆಮ್ಸೆನ್ ಹತ್ರ ಸ್ಪೇನ್ ಪಡೆ ಅವನನ್ನ ಕೊಂದು ಹಾಕ್ತು, ಇಸಾಕ್ ಕೂಡ ಹೋದ. ನಾಲ್ವರಲ್ಲಿ ಉಳಿದೋನು ಖಿಜ್ರ್ ಒಬ್ಬನೇ. ಸುತ್ತ ಶತ್ರುಗಳು, ಕೈಲಿರೋ ಪಡೆ ಸಾಲದು.

ಅವನ ಇಡೀ ಬದುಕಿನಲ್ಲಿ ದೊಡ್ಡ ನಿರ್ಧಾರ ಯಾವುದು ಅಂದ್ರೆ ಯುದ್ಧ ಅಲ್ಲ, ಒಂದು ಕಾಗದ. 1519ರಲ್ಲಿ ಅಲ್ಜೀರ್ಸ್ ಊರವರ ಹೆಸರಲ್ಲಿ ಸುಲ್ತಾನ ಸೆಲೀಮ್‌ಗೆ ಪತ್ರ ಹೋಯ್ತು, ಈ ಊರು ಇನ್ಮೇಲೆ ನಿಮ್ದು ಅಂತ. ಅಂದ್ರೆ ರಕ್ತ ಕೊಟ್ಟು ಗೆದ್ದ ರಾಜ್ಯವನ್ನ ಕೈಯಾರೆ ಎತ್ತಿ ಕೊಟ್ಟ, ಅದೂ ತನ್ನ ಹಳೇ ಆಸರೆಯಾಗಿದ್ದ ಕೊರ್ಕುತ್‌ನ ಕೊಲ್ಲಿಸಿದ ಸುಲ್ತಾನನಿಗೆ! ಬದಲಿಗೆ ಬೇಲೆರ್‌ಬೇ ಅಂದ್ರೆ ಪ್ರಾಂತ್ಯಾಧಿಪತಿ ಪದವಿ, ಸುಲ್ತಾನನ ಖಾಸಾ ಪಡೆಯ 2000 ಜಾನಿಸರಿ ಸೈನಿಕರು, ತೋಪು. ಲೂಟಿಗಾರ ಅವತ್ತೇ ಸರ್ಕಾರದ ಮನುಷ್ಯ ಆದ. ನೌಕಾಪಡೆ ಕೈಗೆ ಬಂದಿದ್ದು ಇನ್ನೂ 14 ವರ್ಷ ಆದ್ಮೇಲೆ. 1532ರಲ್ಲಿ ಜಿನೋವಾದ ಆಂಡ್ರಿಯಾ ದೋರಿಯಾ ಗ್ರೀಸ್‌ನ ಕೊರೊನ್ ಕೋಟೆ ಕಿತ್ಕೊಂಡ, ಆಗ ಸುಲ್ತಾನನಾಗಿದ್ದ ಸೆಲೀಮ್‌ನ ಮಗ ಸುಲೇಮಾನನ ಅರಮನೆಯಲ್ಲಿ ಬೆಳೆದು ಬಂದ ಪಾಶಾಗಳಿಗೆ ಅವನನ್ನ ತಡೆಯೋಕೆ ಆಗ್ಲಿಲ್ಲ. ಆಗ ಖಿಜ್ರ್‌ಗೆ ಕರೆ ಹೋಯ್ತು. 1533ರ ಕೊನೆಗೆ ತನ್ನ ಕಪ್ತಾನರನ್ನ ಕಟ್ಕೊಂಡು ಇಸ್ತಾಂಬುಲ್‌ಗೆ ಬಂದ, ಅಲ್ಲಿಂದ ಅಲೆಪ್ಪೋವರೆಗೂ ಹೋಗಿ ವಜೀರ ಇಬ್ರಾಹಿಂ ಪಾಶಾನ ಕಂಡು ಒಪ್ಪಿಗೆ ಪಡ್ಕೊಂಡ. ಆ ಹೊತ್ತಿಗೆ ಅವನೇನೂ ಹುಡುಗ ಅಲ್ಲ, ಐವತ್ತು ದಾಟಿತ್ತು.

ದೋರಿಯಾ ಕೂಡ ಏನು ಅಂತೀರಾ? ಸ್ವಂತ ಗ್ಯಾಲಿ ಹಡಗುಗಳನ್ನ ಬಾಡಿಗೆಗೆ ಬಿಡೋ ಗುತ್ತಿಗೆದಾರ. ಫ್ರಾನ್ಸ್ ದೊರೆ ಹತ್ರ ಇದ್ದ, 1528ರಲ್ಲಿ ಸ್ಪೇನ್‌ನ ಐದನೇ ಚಾರ್ಲ್ಸ್ ಕಡೆ ಜಿಗಿದ. ಅವನನ್ನ ಯಾರೂ ಕಡಲ್ಗಳ್ಳ ಅನ್ನಲ್ಲ.

ತುಂಗಾತೀರ:

ಇಷ್ಟು ಬರೆದಿದ್ದಕ್ಕೆ ತುಂಬಾ ಧನ್ಯವಾದ ಸರ್, ಪತ್ರದ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ, ಎರಡು ಸಲ ಓದ್ದೆ. ಪ್ರೆವೆಜಾ ಯುದ್ಧದ ಬಗ್ಗೆ ಯಾರಾದ್ರೂ ಹೇಳ್ತೀರಾ? ಮ್ಯೂಸಿಯಂನಲ್ಲಿ ಎಲ್ಲಿ ನೋಡಿದ್ರೂ ಅದೇ ಹೆಸರು. ಎದುರಿಗಿದ್ದ ಪಡೆ ಇವನಿಗಿಂತ ದೊಡ್ಡದಿತ್ತಂತೆ, ಹೇಗೆ ಗೆದ್ದ?

ಎಂಜಿನ್‌ರೂಮ್:

ನಾನು 22 ವರ್ಷ ಮರ್ಚೆಂಟ್ ನೇವಿಯಲ್ಲಿದ್ದೋನು, ಆ ಕಡಲಲ್ಲಿ ಎಷ್ಟೋ ಸಲ ಹಾದುಹೋಗಿದೀನಿ. ಇದನ್ನ ಅರ್ಥ ಮಾಡ್ಕೋಬೇಕಾದ್ರೆ ಮೊದಲು ಗ್ಯಾಲಿ ಅಂದ್ರೇನು ಅಂತ ತಿಳೀಬೇಕು. ಉದ್ದಕ್ಕೆ, ತೆಳ್ಳಗೆ, ನೀರಿಗೆ ಅಂಟಿಕೊಂಡಂಗೆ ತಗ್ಗಾಗಿರೋ ಹಡಗು. ಎರಡೂ ಬದಿ ಇಪ್ಪತ್ತು ಇಪ್ಪತ್ತೈದು ಸಾಲು ಬೆಂಚು, ಬೆಂಚಿಗೆ ಮೂರು ಜನ, ಅಂದ್ರೆ ಹುಟ್ಟು ಹಾಕೋಕೇ ನೂರೈವತ್ತು ಜನರ ಹತ್ರಹತ್ರ, ಮೇಲೆ ಸೈನಿಕರು ಬೇರೆ. ತೋಪು ಮೂತಿಯಲ್ಲಿ ಮಾತ್ರ. ಇಷ್ಟು ಜನಕ್ಕೆ ಕುಡಿಯೋ ನೀರು ಎಲ್ಲಿಡ್ತೀರಿ? ಜಾಗಾನೇ ಇಲ್ಲ. ಕೆಲವೇ ದಿನಕ್ಕೆ ದಡ ಹುಡುಕ್ಲೇಬೇಕು. ಅದಕ್ಕೇ ಗ್ಯಾಲಿ ಯುದ್ಧದಲ್ಲಿ ಹಡಗಿಗಿಂತ ಬಂದರು ಮುಖ್ಯ.

ಹಳೇಹಡಗು ಅವ್ರು ಬಿಟ್ಟ ಒಂದು ವಿಷ್ಯ ಇದೇ. ಅಲ್ಜೀರ್ಸ್ ಬಂದರಿನ ಬಾಯಲ್ಲೇ ಒಂದು ಪುಟ್ಟ ದ್ವೀಪದ ಮೇಲೆ ಸ್ಪೇನ್‌ನ ಕೋಟೆ ಇತ್ತು, ಊರಿಗೆ ತೋಪು ಗುರಿಯಿಟ್ಕೊಂಡು. ಊರು ಖಿಜ್ರ್‌ದು, ಬಂದರು ಅವನದಲ್ಲ, ಹಡಗು ದೂರದ ಮರಳ ದಂಡೆಗೆ ಎಳೆದು ಹಾಕ್ಬೇಕಿತ್ತು. 1529ರ ಮೇ ತಿಂಗಳಲ್ಲಿ ಆ ಕೋಟೆ ತೋಪಿಟ್ಟು ಒಡೆದು ಹಿಡಿದ, ಅದೇ ಕಲ್ಲನ್ನ ಸೆರೆಯಾಳುಗಳ ಕೈಲಿ ಹೊರಿಸಿ ದ್ವೀಪದಿಂದ ದಡದವರೆಗೆ ಒಡ್ಡು ಕಟ್ಟಿಸ್ದ. ಅಲ್ಜೀರ್ಸ್ ನಿಜವಾದ ಬಂದರು ಆಗಿದ್ದು ಆಗ್ಲೇ. ನಾವು ಹಡಗಿನೋರು ಯುದ್ಧಕ್ಕಿಂತ ಇಂಥ ಕೆಲಸಕ್ಕೆ ಹೆಚ್ಚು ಬೆಲೆ ಕೊಡ್ತೀವಿ.

ಈಗ ಪ್ರೆವೆಜಾ. 1538, ಸೆಪ್ಟೆಂಬರ್ 28. ಗ್ರೀಸ್‌ನ ಪಶ್ಚಿಮ ದಂಡೆಯಲ್ಲಿ ಅಂಬ್ರಾಕಿಯಾ ಕೊಲ್ಲಿ ಅಂತ, ಒಳಗೆ ಅಗಲ, ಬಾಯಿ ಇಕ್ಕಟ್ಟು. ಹೈರುದ್ದೀನ್ (ಅದೇ ಖಿಜ್ರ್) 122 ಗ್ಯಾಲಿ ಮತ್ತೆ ಸಣ್ಣ ಗ್ಯಾಲಿಯಟ್ ಹಡಗು ಇಟ್ಕೊಂಡು ಒಳಗೆ ಕೂತಿದ್ದ. ಹೊರಗೆ ಸ್ಪೇನ್, ಜಿನೋವಾ, ವೆನಿಸ್, ಪೋಪ್ ಎಲ್ಲ ಸೇರಿದ ಕೂಟ, ದೋರಿಯಾ ನಾಯಕ, ಗ್ಯಾಲಿ ಜೊತೆ ಹಾಯಿ ಕಟ್ಟಿದ ದೊಡ್ಡ ದೊಡ್ಡ ಹಡಗು. ಒಳಗೆ ನುಗ್ಗಿದ್ರೆ ಕೋಟೆ ತೋಪಿಗೆ ಬಲಿ, ಹೊರಗೇ ಕಾದ್ರೆ ಶರತ್ಕಾಲದ ಬಿರುಗಾಳಿ. ದೋರಿಯಾ ರಾತ್ರಿ ಲಂಗರು ಎತ್ತಿ ದಕ್ಷಿಣಕ್ಕೆ ಹೊರಟ. ಬೆಳಗಾಗೋ ಹೊತ್ತಿಗೆ ಹೈರುದ್ದೀನ್ ಹಿಂದೆ ಬಿದ್ದ. ಆಗ ಗಾಳಿ ನಿಂತೋಯ್ತು ನೋಡಿ! ಹಾಯಿ ಹಡಗು ಎಷ್ಟು ದೊಡ್ಡದಿದ್ರೇನು, ಗಾಳಿ ಇಲ್ದೇ ಇದ್ರೆ ನಿಂತಲ್ಲೇ ನಿಂತ ಮರದ ಕೊಟ್ಟಿಗೆ. ಹುಟ್ಟಿನ ಹಡಗಿಗೆ ಗಾಳಿ ಹಂಗಿಲ್ಲ. ಒಂದೊಂದನ್ನೇ ಸುತ್ತುಗಟ್ಟಿ ಹೊಡೆದ್ರು.

ವೆನಿಸ್‌ನ ಒಂದು ದೊಡ್ಡ ಗ್ಯಾಲಿಯನ್ನಿನ ಬಗ್ಗೆ ಹೇಳ್ಲೇಬೇಕು, ಕಪ್ತಾನ ಅಲೆಸ್ಸಾಂಡ್ರೊ ಕೊಂದುಲ್ಮೆರ್. ಗಾಳಿಯಿಲ್ದೆ ಒಂಟಿಯಾಗಿ ಸಿಕ್ಕಿಬಿದ್ದು ಸಾಯಂಕಾಲದ ತನಕ ಕಾದಾಡಿ ಉಳಿದುಕೊಳ್ತು. ತೋಪು ನೀರ ಮಟ್ಟಕ್ಕೆ ಇಳಿಸಿ, ಗ್ಯಾಲಿ ಹತ್ರ ಬರೋವರೆಗೂ ತಡೆದು, ಆಮೇಲೆ ಹೊಡೀತಿದ್ರು. ಗೆದ್ದೋರ ಕಥೆಯಲ್ಲಿ ಇದು ಸಣ್ಣ ಸಾಲು, ಆದ್ರೆ ಮುಂದಿನ ನೂರು ವರ್ಷದ ಕಡಲ ಯುದ್ಧ ಯಾವ ಕಡೆ ಹೋಗುತ್ತೆ ಅಂತ ಆ ಒಂದು ಹಡಗು ತೋರಿಸ್ಬಿಟ್ಟಿತ್ತು.

ದೋರಿಯಾ ತನ್ನ ಗ್ಯಾಲಿಗಳನ್ನ ಪೂರ್ತಿ ಕಾಳಗಕ್ಕೆ ಇಳಿಸ್ಲೇ ಇಲ್ಲ, ಕತ್ತಲಾದ್ಮೇಲೆ ಹೊರಟುಹೋದ. ಅವು ಅವನ ಸ್ವಂತ ಆಸ್ತಿ, ಮುಳುಗಿದ್ರೆ ನಷ್ಟ ಅವನಿಗೇ, ಜೊತೆಗೆ ವೆನಿಸ್ ಉಳಿಸೋಕೆ ಜಿನೋವಾದವನು ಯಾಕೆ ಸಾಯ್ಬೇಕು ಅನ್ನೋ ಲೆಕ್ಕಾನೂ ಇದ್ದಿರಬೇಕು ಅಂತ ನನ್ನ ಅನಿಸಿಕೆ. 1540ರಲ್ಲಿ ವೆನಿಸ್ ದ್ವೀಪಗಳನ್ನೂ ಬಿಟ್ಟು 3,00,000 ಡುಕಾಟ್ ದಂಡಾನೂ ಕಟ್ಟಿ ಸಂಧಿ ಮಾಡ್ಕೊಳ್ತು. ನೀವು ಕೇಳಿದ್ರಲ್ಲ ಹೇಗೆ ಗೆದ್ದ ಅಂತ, ಮೂವತ್ತು ನಲವತ್ತು ವರ್ಷ ಅದೇ ಕಡಲಲ್ಲಿ ಗಾಳಿ ಮೂಸಿ ಬದುಕಿದೋನು, ಅದಕ್ಕೇ ಗೆದ್ದ.

ಸಂಜೆಓದು:

ಎಲ್ರೂ ಚೆನ್ನಾಗಿ ಬರೆದಿದೀರ, ಆದ್ರೆ ಬೆಂಚಿಗೆ ಮೂರು ಜನ ಅಂತ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋದ್ರಿ, ನಂಗೆ ಅಲ್ಲೇ ನಿಂತುಬಿಡ್ತು ಮನಸ್ಸು. ಆ ಮೂವರಲ್ಲಿ ಎಷ್ಟೋ ಜನ ಯಾರು? ಯಾವುದೋ ಹಳ್ಳಿಯಲ್ಲಿ ನಿದ್ದೆಯಲ್ಲಿದ್ದೋರನ್ನ ಎಳ್ಕೊಂಡು ಬಂದು ಸರಪಳಿ ಹಾಕಿದೋರು. ಉಣ್ಣೋದು ಮಲಗೋದು ಎಲ್ಲ ಆ ಬೆಂಚಿನ ಮೇಲೇ. ತುಂಗಾತೀರ ಅವ್ರ ಆಫೀಸಿನಾಕೆ ಮುಖ ಸಣ್ಣ ಮಾಡಿದ್ದು ತಪ್ಪಲ್ಲ.

1535ರಲ್ಲಿ ಚಾರ್ಲ್ಸ್ ದೊಡ್ಡ ಪಡೆ ತಂದು ಆಗ ಹೈರುದ್ದೀನ್ ಕೈಲಿದ್ದ ಟ್ಯುನಿಸ್ ಕಿತ್ಕೊಂಡ. ಹೈರುದ್ದೀನ್ ಸೋತು ಓಡಿದ, ಎಲ್ರೂ ಮುಗೀತು ಅಂದ್ಕೊಂಡಾಗ ನೇರ ಮಿನೋರ್ಕಾ ದ್ವೀಪದ ಮಾಹೋನ್‌ಗೆ ಹೋಗಿ ಊರು ದೋಚಿ ಸಾವಿರಾರು ಜನರನ್ನ ಹಿಡ್ಕೊಂಡು ಹೋದ. ತಂತ್ರ ಅಂತ ಹೊಗಳ್ತಾರೆ. ಮಾಹೋನ್‌ನ ಆ ಜನಕ್ಕೂ ಟ್ಯುನಿಸ್‌ಗೂ ಏನು ಸಂಬಂಧ? 1544ರಲ್ಲಿ ಲಿಪಾರಿ ದ್ವೀಪದ ಜನರನ್ನ ಹೆಚ್ಚುಕಡಿಮೆ ಪೂರ್ತಿ ಗುಡಿಸಿಕೊಂಡು ಹೋದ, ಊರೇ ಖಾಲಿ, ಆಮೇಲೆ ಬೇರೆ ಕಡೆಯಿಂದ ಜನ ತಂದು ತುಂಬಿಸ್ಬೇಕಾಯ್ತು. ಹಾಗಂತ ಚಾರ್ಲ್ಸ್‌ನ ಕಡೆಯೋರು ಟ್ಯುನಿಸ್ ಗೆದ್ದಾಗ ಮಾಡಿದ್ದೂ ಅದೇ, ಊರನ್ನ ಲೂಟಿಗೆ ಬಿಟ್ರು, ಕೊಂದ್ರು, ಉಳಿದೋರನ್ನ ಮಾರಿದ್ರು. ಎರಡೂ ಕಡೆ ಬೆಂಚಿಗೆ ಜನ ಬೇಕಿತ್ತು.

ಆ ಬೆಂಚಿನಿಂದ ಎದ್ದುಬಂದೋರ ಕಥೆ ನಂಗೆ ಬಾರ್ಬರೋಸಾ ಕಥೆಗಿಂತ ಹೆಚ್ಚು ಕಾಡುತ್ತೆ. ಅವನ ಶಿಷ್ಯ ತುರ್ಗುತ್ 1540ರಲ್ಲಿ ಕಾರ್ಸಿಕಾದಲ್ಲಿ ಸಿಕ್ಕಿಬಿದ್ದು ದೋರಿಯಾಗಳ ಗ್ಯಾಲಿಯಲ್ಲಿ ನಾಲ್ಕು ವರ್ಷ ಹತ್ರಹತ್ರ ಹುಟ್ಟು ಹಾಕ್ದ, 1544ರಲ್ಲಿ ಬಾರ್ಬರೋಸಾನೇ ಜಿನೋವಾ ಹತ್ರ ಹೋಗಿ 3500 ಡುಕಾಟ್ ಕೊಟ್ಟು ಬಿಡಿಸ್ಕೊಂಡು ಬಂದ. ಇನ್ನೊಬ್ಬ ಉಲೂಚ್ ಅಲಿ, ತುಂಗಾತೀರ ಅವ್ರೇ ಇದನ್ನ ನಿಮ್ಮ ಆಫೀಸಿನಾಕೆಗೆ ಖಂಡಿತ ಹೇಳಿ, ಅವ್ನು ಕಲಾಬ್ರಿಯಾದವನೇ! ಲೆ ಕಾಸ್ತೆಲ್ಲಾ ಅನ್ನೋ ಊರು, ಬಡವರ ಮನೆ ಹುಡುಗ, 1536ರಲ್ಲಿ ಕೊರ್ಸೇರ್‌ಗಳು ಹಿಡ್ಕೊಂಡು ಹೋಗಿ ಹುಟ್ಟಿಗೆ ಕೂರಿಸಿದ್ರು. ವರ್ಷಗಳಾದ್ಮೇಲೆ ಮತ ಬದಲಿಸ್ದ, ಕಪ್ತಾನ ಆದ. 1571ರಲ್ಲಿ ಲೆಪಾಂಟೋದಲ್ಲಿ ಆಟೊಮನ್ ಪಡೆ ನುಚ್ಚುನೂರಾದಾಗ ತನ್ನ ಭಾಗದ ಹಡಗು ಉಳಿಸ್ಕೊಂಡು ಬಂದ ಸೇನಾನಿ ಅವನೇ. ಬಾರ್ಬರೋಸಾ ಕೂತಿದ್ದ ಕುರ್ಚಿಯಲ್ಲೇ ಕೂತ, ಒಂದೇ ಚಳಿಗಾಲದಲ್ಲಿ ನೌಕಾಪಡೆ ಮತ್ತೆ ಕಟ್ಟಿಸ್ದ. ಅವನು ಕಟ್ಟಿಸಿದ ಮಸೀದಿ ಇಸ್ತಾಂಬುಲ್‌ನ ತೋಪ್‌ಹಾನೆಯಲ್ಲಿದೆ, ಬೆಶಿಕ್ತಾಶ್‌ಗೆ ದೂರ ಇಲ್ಲ. ಅವನ ಅಮ್ಮನಿಗೆ ಅವತ್ತು ಆ ದಂಡೆಯಲ್ಲಿ ಏನನಿಸಿರ್ಬೇಕು ಅಂತ ಯೋಚಿಸಿದ್ರೆ ಗಂಟಲು ಕಟ್ಟುತ್ತೆ.

ಶರಾವತಿಬದಿ:

ನಾನು ಹೊನ್ನಾವರದ ಕಡೆಯವ ಮಾರಾಯ್ರೆ, ಅದಕ್ಕೆ ಒಂದು ಮಾತು ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಒರೂಚ್ ಮತ್ತೆ ಖಿಜ್ರ್ ಟ್ಯುನಿಸ್ ಬದಿಯಲ್ಲಿ ಹಡಗು ಹಿಡೀತಿದ್ದ ಕಾಲದಲ್ಲೇ ನಮ್ಮ ಶರಾವತಿ ಬಾಯಲ್ಲಿ ತಿಮ್ಮೋಜ ಇದ್ದ. ವಿಜಯನಗರದ ಆಸರೆ, ಹಡಗು ಹಿಡಿಯೋ ಕೆಲಸ, ಒಂದೇ ಕಸುಬು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಕೆಂಪು ಸಮುದ್ರಕ್ಕೆ ಅಂತ ಹೊರಟವನನ್ನ ಗೋವಾಕ್ಕೆ ತಿರುಗಿಸಿದ್ದು ಇವನೇ, ಆದಿಲ್‌ಶಾಹಿಯವರ ಗೋವಾದಲ್ಲಿ ರೂಮಿಗಳು ಸೇರ್ಕೊಂಡು ಹಡಗು ಕಟ್ತಿದ್ದಾರೆ ಅಂತ ಹೇಳಿ. ರೂಮಿಗಳು ಅಂದ್ರೆ ತುರ್ಕಿ, ಈಜಿಪ್ಟ್ ಕಡೆಯವರು. ಗೋವಾ ಪೋರ್ಚುಗೀಸರ ಪಾಲಾಯ್ತು, ತಿಮ್ಮೋಜನಿಗೆ ಸಿಕ್ಕ ಅಧಿಕಾರ ಬಹಳ ದಿನ ಉಳೀಲಿಲ್ಲ. ಖಿಜ್ರ್ ಊರು ಒಪ್ಪಿಸಿದ ದೊರೆ ಅವನನ್ನ ಒಳಗೆ ಸೇರಿಸ್ಕೊಂಡ, ತಿಮ್ಮೋಜ ದಾರಿ ತೋರಿಸಿದವರು ಕೆಲಸ ಮುಗಿದ ಮೇಲೆ ಬದಿಗೆ ಸರಿಸಿದ್ರು. ನಮ್ಮ ಊರಲ್ಲಿ ಅವನ ಹೆಸರು ಹೇಳುವವರೇ ಕಡಿಮೆ, ಬೇಜಾರಾಗ್ತದೆ.

ಮತ್ತೆ ಪ್ರೆವೆಜಾ ನಡೆದ 1538ರಲ್ಲೇ ಸುಯೆಜ್‌ನಿಂದ ಆಟೊಮನ್ನರ ಇನ್ನೊಂದು ಪಡೆ ಬಂದು ಗುಜರಾತದ ದೀವ್ ಕೋಟೆಗೆ ಮುತ್ತಿಗೆ ಹಾಕಿತ್ತು, ಅದು ಫಲ ಕೊಡ್ಲಿಲ್ಲ. ಬಾರ್ಬರೋಸಾ ಕೈಕೆಳಗೆ ಪ್ರೆವೆಜಾದಲ್ಲಿ ಇದ್ದ ಸೈಯದಿ ಅಲಿ ರಈಸ್ 1554ರಲ್ಲಿ ನಮ್ಮ ಅರಬ್ಬಿ ಕಡಲಿಗೇ ಬಂದ, ಪೋರ್ಚುಗೀಸರ ಜೊತೆ ಕಾಳಗ, ಅದರ ಮೇಲೆ ಬಿರುಗಾಳಿ. ಗುಜರಾತ ದಂಡೆ ಸೇರುವಾಗ ಹಡಗು ಊರಿಗೆ ಮರಳುವ ಸ್ಥಿತಿಯಲ್ಲಿ ಇರ್ಲಿಲ್ಲ. ನೆಲದ ಮೇಲೆ ಹೊರಟ, ದೆಹಲಿಯಲ್ಲಿ ಹುಮಾಯೂನ್ 1556ರಲ್ಲಿ ಸತ್ತಾಗ ಅಲ್ಲೇ ಇದ್ದ, ಹೊರಟು ಮೂರು ವರ್ಷದ ಮೇಲೆ ಊರು ಮುಟ್ಟಿ ಎಲ್ಲ ಬರೆದಿಟ್ಟ. ಮೆಡಿಟರೇನಿಯನ್ ಗ್ಯಾಲಿ ನಮ್ಮ ಮಳೆಗಾಲದ ಕಡಲಿಗೆ ಹೇಳಿ ಮಾಡಿಸಿದ್ದಲ್ಲ, ಇಲ್ಲಿಯ ಮೀನುಗಾರರನ್ನ ಕೇಳಿದ್ರೂ ಅದನ್ನೇ ಹೇಳ್ತಾರೆ.

ತುಂಗಾತೀರ:

ಉಲೂಚ್ ಅಲಿ ವಿಷ್ಯ ಇವತ್ತು ಊಟದ ಹೊತ್ತಿಗೆ ಅವಳಿಗೆ ಹೇಳ್ದೆ. ಅವ್ಳಿಗೆ ಗೊತ್ತಿತ್ತು! ಲೆ ಕಾಸ್ತೆಲ್ಲಾದಲ್ಲಿ ಅವನದ್ದೂ ಪ್ರತಿಮೆ ಇದೆಯಂತೆ. ಸುಮಾರು ಹೊತ್ತು ಮಾತಾಡಿದ್ವಿ.

ಎಲ್ರಿಗೂ ಧನ್ಯವಾದ. ಕೊನೇದಾಗಿ ಎರಡು ಕೇಳ್ತೀನಿ, ಹಿಟ್ಲರ್ ರಷ್ಯಾ ಮೇಲೆ ಹೋದಾಗ ಇಟ್ಟ ಆಪರೇಷನ್ ಬಾರ್ಬರೋಸಾ ಇವನ ಹೆಸರೇನಾ? ಮತ್ತೆ ಇವನು ಸತ್ತಿದ್ದು ಯುದ್ಧದಲ್ಲಾ?

ಹಳೇಹಡಗು:

ಹಿಟ್ಲರ್ ಇಟ್ಟಿದ್ದು ಇವನ ಹೆಸರಲ್ಲ, 12ನೇ ಶತಮಾನದ ಜರ್ಮನ್ ಚಕ್ರವರ್ತಿ ಮೊದಲನೇ ಫ್ರೆಡ್ರಿಕ್‌ಂದು, ಅವನಿಗೂ ಕೆಂಪು ಗಡ್ಡ, ಅದೇ ಅಡ್ಡಹೆಸರು.

ಯುದ್ಧದಲ್ಲಿ ಸಾಯ್ಲಿಲ್ಲ. ಕೊನೇ ದೊಡ್ಡ ಯಾತ್ರೆ ಅಂದ್ರೆ 1543ರದ್ದು, ಫ್ರಾನ್ಸ್ ದೊರೆ ಜೊತೆ ಸೇರಿ ನೀಸ್ ಊರಿಗೆ ಮುತ್ತಿಗೆ. ಋತು ಮುಗಿದಿತ್ತು, ಗ್ಯಾಲಿ ಚಳಿಗಾಲದಲ್ಲಿ ಅಷ್ಟು ದೂರ ವಾಪಸ್ ಹೋಗೋ ಹಾಗಿಲ್ಲ, ಅದಕ್ಕೆ ಫ್ರಾನ್ಸ್ ದೊರೆ ತನ್ನ ತೂಲೋನ್ ಊರಿನ ಜನರಿಗೆ ಮನೆ ಖಾಲಿ ಮಾಡಿ ಅಂತ ಅಪ್ಪಣೆ ಕೊಟ್ಟು ಆಟೊಮನ್ ಪಡೆಗೆ ಊರು ಬಿಟ್ಟುಕೊಟ್ಟ. ಅಲ್ಲಿನ ಚರ್ಚ್‌ನಲ್ಲಿ ಆ ಚಳಿಗಾಲ ನಮಾಜ್ ನಡೀತು. 1545ರಲ್ಲಿ ಕಡಲು ಬಿಟ್ಟು ಇಸ್ತಾಂಬುಲ್‌ಗೆ ಬಂದ, ಬಾಸ್ಫರಸ್ ದಂಡೆ ಮನೆಯಲ್ಲಿ ಕೂತು ತನ್ನ ಬದುಕಿನ ಕಥೆ ಹೇಳಿ ಬರೆಸ್ದ, ಮಡಕೆ ದೋಣಿಯಿಂದ ಹಿಡಿದು. 1546ರ ಜುಲೈನಲ್ಲಿ ತೀರಿಕೊಂಡ. ನೀವು ನೋಡಿದ ಗೋರಿ ಮಿಮಾರ್ ಸಿನಾನ್ ಕಟ್ಟಿದ್ದು, ಆಮೇಲೆ ಎಷ್ಟೋ ಕಾಲ ಇಸ್ತಾಂಬುಲ್‌ನಿಂದ ಯುದ್ಧಕ್ಕೆ ಹೊರಡೋ ನೌಕಾಪಡೆ ಅದರ ಮುಂದೆ ತೋಪು ಹಾರಿಸಿ ಮುಂದಕ್ಕೆ ಹೋಗ್ತಿತ್ತು.

ಅವನು ಸತ್ತ ವರ್ಷವನ್ನ ಆ ಕಾಲದೋರು ಮೂರು ಅರಬ್ಬಿ ಪದದಲ್ಲಿ ಹಿಡಿದಿಟ್ರು. ನಮ್ಮಲ್ಲಿ ಕಟಪಯಾದಿ ಇದೆಯಲ್ಲ ಆ ಥರ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಎಲ್ಲ ಕೂಡಿಸಿದ್ರೆ 953, ಹಿಜರಿ ಲೆಕ್ಕದಲ್ಲಿ ಅದೇ 1546. ಆ ಪದಗಳು 'ಮಾತ ರಈಸುಲ್ ಬಹ್ರ್'. ಕಡಲಿನ ಯಜಮಾನ ತೀರಿಕೊಂಡ ಅಂತ.